ಆಳಂದಿಯಿಂದ ಪಂಢರಪುರಕ್ಕೆ ಒಬ್ಬಳೇ ನಡೆಯಬೇಕೆಂದಿದ್ದೇನೆ. ಈ ಅಂಜಿಕೆಯನ್ನು ಏನು ಮಾಡಲಿ?

ಪ್ರಶ್ನೆ: ಕೋಥರೂಡ್ ನಿವಾಸಿ, ಪುಣೆ

ಎಲ್ಲರಿಗೂ ನಮಸ್ಕಾರ. ನನಗೆ ಈಗ 54 ವರ್ಷ. ಹುಟ್ಟಿದ್ದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ. ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತೆಂಟು ವರ್ಷಗಳಾದವು. ನಮ್ಮ ತಾಯಿಯವರು ಪ್ರತಿವರ್ಷ ಆಷಾಢ ಏಕಾದಶಿಗೆ ಊರಿನ ದಿಂಡಿಯೊಂದಿಗೆ (ಭಜನೆ ಮಾಡುತ್ತ ಒಟ್ಟಾಗಿ ನಡೆಯುವ ಯಾತ್ರಿಕರ ತಂಡ) ಪಂಢರಪುರಕ್ಕೆ ನಡೆದು ಹೋಗುತ್ತಿದ್ದರು. ಒಮ್ಮೆಯಾದರೂ ಆಳಂದಿಯಿಂದ ಸಂತ ಜ್ಞಾನೇಶ್ವರ ಮಾವುಲಿಯ (ಮಾವುಲಿ ಎಂದರೆ ತಾಯಿ) ಪಲ್ಲಕ್ಕಿಯ ಹಿಂದೆ ಪೂರ್ತಿ ನಡೆಯಬೇಕು ಎಂಬುದು ಅವರ ಆಸೆಯಾಗಿತ್ತು. 2020ರಲ್ಲಿ ನಾವಿಬ್ಬರೂ ಹೊರಡುವುದೆಂದು ನಿಶ್ಚಯಿಸಿದ್ದೆವು. ಆ ವರ್ಷ ಕೊರೊನಾದಿಂದಾಗಿ ಪಲ್ಲಕ್ಕಿಯಲ್ಲಿ ಒಯ್ಯುವ ಮಾವುಲಿಯ ಪಾದುಕೆಗಳೇ ಬಸ್ಸಿನಲ್ಲಿ ಪಂಢರಪುರ ತಲುಪಿದವು, ಮರುವರ್ಷವೂ ಹಾಗೆಯೇ ಆಯಿತು. 2022ರಲ್ಲಿ ವಾರಿ, ಅಂದರೆ ಈ ಕಾಲ್ನಡಿಗೆಯ ಯಾತ್ರೆ, ಮತ್ತೆ ಎಂದಿನಂತೆ ಹೊರಟಾಗ ತಾಯಿಯ ಮೊಣಕಾಲುಗಳಲ್ಲಿ ಶಕ್ತಿ ಉಳಿದಿರಲಿಲ್ಲ. ಈಗ ಅವರಿಲ್ಲ. ಅವರ ಹಿತ್ತಾಳೆಯ ತಾಳ ನನ್ನ ಬಳಿ ಇದೆ. ಅದರ ದಾರ ಸವೆದಾಗ ತಮ್ಮ ಲಂಗದ ಲಾಡಿಯನ್ನೇ ಹೊಸೆದು ಕಟ್ಟಿಕೊಂಡಿದ್ದರು, ಆ ಗಂಟು ಇಂದಿಗೂ ಹಾಗೆಯೇ ಇದೆ.

ಕಳೆದ ವರ್ಷ ನಾನು ಆಳಂದಿಯಿಂದ ಹೊರಟೆ. ಮನೆಯಲ್ಲಿ ಯಾರಿಗೂ ಬಿಡುವಿರಲಿಲ್ಲವಾದ್ದರಿಂದ ಒಬ್ಬಳೇ ಇದ್ದೆ. ವಿಶ್ರಾಂತವಾಡಿ ಬರುವಷ್ಟರಲ್ಲಿ ಎದೆ ಹೊಡೆದುಕೊಳ್ಳತೊಡಗಿತು, ಅಂಗೈ ಬೆವರಿತು, ಸುತ್ತಲಿನ ಭಜನೆಯ ಸದ್ದು ದೂರದಿಂದ ಬರುತ್ತಿರುವಂತೆ ಕೇಳಿಸಿತು. ರಿಕ್ಷಾ ಹಿಡಿದು ಮನೆಗೆ ಬಂದುಬಿಟ್ಟೆ. ನಡಿಗೆ ನನಗೆ ಹೊಸದಲ್ಲ, ದಿನವೂ ವೇತಾಳ ಟೇಕಡಿ ಹತ್ತಿ ಇಳಿಯುತ್ತೇನೆ. ಪರಿಚಯವಿಲ್ಲದ ಊರಿನಲ್ಲಿ ರಾತ್ರಿ ಎಲ್ಲಿ ಮಲಗುವುದು, ಶೌಚ ಸ್ನಾನಗಳಿಗೆ ಏನು ಮಾಡುವುದು, ಜ್ವರ ಬಂದು ಬಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂಬುದೇ ನನ್ನ ಭಯ. ಮೇಲಾಗಿ ಮರಾಠಿ ಮಾತನಾಡಲು ಬಂದರೂ ಮರಾಠಿ ಸಂತರ ಭಕ್ತಿಪದಗಳಾದ ಅಭಂಗಗಳು ನನಗೆ ಬಾಯಿಗೆ ಬರುವುದಿಲ್ಲ. ಅಲ್ಲಿ ನಾನು ಹೊರಗಿನವಳಾಗಿಬಿಡುತ್ತೇನೆಯೇ ಎಂಬ ಅಳುಕೂ ಇದೆ.

ಈ ವರ್ಷ ಮತ್ತೆ ಹೊರಡಬೇಕೆಂದಿದ್ದೇನೆ. ಇಷ್ಟು ಅಂಜಿಕೆ ಆಗುತ್ತಿರುವುದು ಹೋಗಬೇಡ ಎಂಬ ಸೂಚನೆಯೋ, ಅಥವಾ ದಾಟಿ ಹೋಗಬೇಕಾದದ್ದೋ? ನಡೆದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಡೊಂಬಿವಲಿಯ ಹಳೆಯ ವಾರಕರಿ

ತಂಗೀ, ನನಗೆ 68 ವರ್ಷವಾದ್ದರಿಂದ ಹೀಗೆ ಕರೆಯುತ್ತಿದ್ದೇನೆ. ಏಳು ಬಾರಿ ಈ ದಾರಿಯನ್ನು ನಡೆದಿದ್ದೇನೆ, ಮೊದಲ ಎರಡು ಬಾರಿ ಯಾವ ದಿಂಡಿಯನ್ನೂ ಸೇರದೆ. ಆ ಮೊದಲ ವರ್ಷ ಹೊರಡುವ ಹಿಂದಿನ ಮೂರು ರಾತ್ರಿ ನನಗೂ ನಿದ್ದೆ ಬರಲಿಲ್ಲ. ಆದ್ದರಿಂದ ನಿಮ್ಮ ಅಂಜಿಕೆಯನ್ನು ನಾನು ಸೂಚನೆ ಎಂದು ಒಪ್ಪುವುದಿಲ್ಲ. ನೀವು ಬರೆದ ಭಯಗಳಲ್ಲಿ ಮೂರಕ್ಕೆ ನೇರವಾದ ಪರಿಹಾರವಿದೆ, ಮತ್ತು ಪರಿಹಾರವಿರುವ ಭಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನಡೆಯಬೇಕಾಗಿಲ್ಲ.

ರಾತ್ರಿಯ ವಿಷಯ ಮೊದಲು. ವಾರಿಯಲ್ಲಿ ಒಂಟಿಯಾಗಿ ನಡೆಯುವುದು ಬೇರೆ, ಒಂಟಿಯಾಗಿ ತಂಗುವುದು ಬೇರೆ. ಒಂದು ದಿಂಡಿಗೆ ಮೊದಲೇ ಹೆಸರು ಕೊಟ್ಟು, ಊಟ ಮತ್ತು ಡೇರೆಯ ಖರ್ಚಿನ ಪಾಲನ್ನು ಕಟ್ಟಿಬಿಡಿ. ಅದಕ್ಕೆ ಅವರು ಭಿಶಿ ಎನ್ನುತ್ತಾರೆ. ನಿಮ್ಮ ಗಂಟು ದಿಂಡಿಯ ಲಾರಿಯಲ್ಲಿ ಮುಂದಿನ ಮುಕ್ಕಾಮಿಗೆ ಹೋಗುತ್ತದೆ, ಹೆಂಗಸರಿಗೆ ಬೇರೆ ಡೇರೆ ಇರುತ್ತದೆ. ಹಗಲೆಲ್ಲ ನಿಮ್ಮ ಪಾಡಿಗೆ ನೀವು ನಡೆಯಿರಿ, ಯಾರೂ ತಡೆಯುವುದಿಲ್ಲ. ಪ್ರತಿ ದಿಂಡಿಗೂ ಒಂದು ಸಂಖ್ಯೆಯಿದೆ, ರಥದ ಮುಂದಿನವು ಮತ್ತು ರಥದ ಹಿಂದಿನವು ಎಂದು ಲೆಕ್ಕವಿದೆ. ಆ ಸಂಖ್ಯೆಯೊಂದು ನೆನಪಿದ್ದರೆ ಲಕ್ಷಾಂತರ ಜನರ ನಡುವೆಯೂ ಯಾರನ್ನು ಕೇಳಿದರೂ ನಿಮ್ಮನ್ನು ನಿಮ್ಮ ಡೇರೆಗೆ ಮುಟ್ಟಿಸುತ್ತಾರೆ.

ಸ್ನಾನ ಶೌಚಗಳು ಕಷ್ಟವೇ, ಸುಳ್ಳು ಹೇಳುವುದಿಲ್ಲ. ಮುಕ್ಕಾಮುಗಳಲ್ಲಿ ಸರಕಾರ ತಾತ್ಕಾಲಿಕ ಶೌಚಾಲಯಗಳನ್ನು ನಿಲ್ಲಿಸುತ್ತದೆ, ಬೆಳಗಾದಂತೆ ಅಲ್ಲಿ ಸಾಲು ಬೆಳೆಯುತ್ತದೆ. ಹೆಂಗಸರು ನಸುಕಿನ ಮೂರು ಗಂಟೆಗೇ ಎದ್ದು, ಟ್ಯಾಂಕರಿನ ಬಳಿ ನಾಲ್ವರು ಸೀರೆ ಹಿಡಿದು ಮರೆ ಮಾಡಿಕೊಂಡು ಸ್ನಾನ ಮುಗಿಸುತ್ತಾರೆ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಎರಡನೆಯ ದಿನಕ್ಕೆ ಆ ನಾಲ್ವರಲ್ಲಿ ನೀವೂ ಒಬ್ಬರಾಗಿರುತ್ತೀರಿ.

ಬಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ಕೇಳಿದ್ದೀರಿ. ಸಂಜೆ ಮುಕ್ಕಾಮಿನ ಬಯಲಿನಲ್ಲಿ ನಡೆಯುವ ಸಮಾಜ ಆರತಿಯನ್ನು ಒಮ್ಮೆ ನೋಡಿ. ಪಲ್ಲಕ್ಕಿಯ ಸುತ್ತ ದಿಂಡಿಗಳು ನಿಂತು ತಾಳ ಬಾರಿಸುತ್ತಿರುತ್ತವೆ, ಪಕ್ಕದವರ ಮಾತೂ ಕೇಳಿಸದಷ್ಟು ಸದ್ದು. ವಾರಿಯ ಶಿಸ್ತು ನೋಡಿಕೊಳ್ಳುವ ಚೋಪದಾರರು ಬೆಳ್ಳಿಯ ದಂಡವನ್ನು ಮೇಲೆತ್ತಿದ ಕ್ಷಣ ಇಡೀ ಬಯಲು ಸುಮ್ಮನಾಗುತ್ತದೆ. ಏನಾದರೂ ದೂರಿರುವ ದಿಂಡಿ ಮಾತ್ರ ತಾಳ ನಿಲ್ಲಿಸುವುದಿಲ್ಲ. ಚೋಪದಾರರು ಅಲ್ಲಿಗೆ ಹೋಗಿ ವಿಚಾರಿಸುತ್ತಾರೆ. ಬಳಿಕ ಆ ದಿನ ಕಳೆದುಹೋದ ಮತ್ತು ಸಿಕ್ಕಿದ ವಸ್ತುಗಳನ್ನು ಕೂಗಿ ಹೇಳುತ್ತಾರೆ. ಲೋಣಂದದಲ್ಲಿ ನನ್ನ ಕನ್ನಡಕ ಕಳೆದಿತ್ತು. ಕಪ್ಪು ಡಬ್ಬಿ, ಒಳಗೆ ಕಾಲು ಮುರಿದು ದಾರ ಸುತ್ತಿದ ಕನ್ನಡಕ ಎಂದು ಕೂಗಿದರು. ನಾನು ಹೋಗಿ ತೆಗೆದುಕೊಂಡೆ, ಕೊಟ್ಟವರು ನನಗೇ ಕಾಲಿಗೆ ನಮಸ್ಕರಿಸಿ "ಮಾವುಲಿ" ಎಂದರು. ದಾರ ಸುತ್ತಿದ ಒಂದು ಕನ್ನಡಕದ ಲೆಕ್ಕವನ್ನು ಇಟ್ಟುಕೊಳ್ಳುವ ಜನರು, ಡೇರೆಗೆ ಬಾರದ ಹೆಣ್ಣುಮಗಳ ಲೆಕ್ಕವನ್ನು ಇಟ್ಟುಕೊಳ್ಳುವುದಿಲ್ಲವೇ? ಆ ರಾತ್ರಿಯ ನಂತರ ನನ್ನ ಭಯ ಬಹುಮಟ್ಟಿಗೆ ಇಳಿಯಿತು. ಪೂರ್ತಿ ಹೋಗಲು ಮತ್ತೆ ಎರಡು ದಿನ ಬೇಕಾದವು.

ಉತ್ತರ 2: ಔಂಧ್, ಪುಣೆ (ವೃತ್ತಿಯಿಂದ ನರ್ಸ್)

ಅಕ್ಕಾ, ವಿಶ್ರಾಂತವಾಡಿಯಲ್ಲಿ ನಿಮಗಾದದ್ದು ಗಾಬರಿಯಿಂದ ಆದದ್ದೇ ಇರಬಹುದು, ಆದರೆ ಈ ವಯಸ್ಸಿನಲ್ಲಿ ಎದೆ ಹೊಡೆದುಕೊಂಡಿತು ಎಂದಾಗ ಒಮ್ಮೆ ವೈದ್ಯರಿಗೆ ತೋರಿಸಿ, ರಕ್ತದೊತ್ತಡ ಮತ್ತು ಇಸಿಜಿ ನೋಡಿಸಿಕೊಂಡೇ ಹೊರಡಿ. ಹೃದಯ ಚೆನ್ನಾಗಿದೆ ಎಂದು ತಿಳಿದಿರುವುದೇ ಅರ್ಧ ಧೈರ್ಯ. ಆಮೇಲೂ ಅದು ಮರುಕಳಿಸಿದರೆ ರಸ್ತೆಯ ಬದಿಗೆ ಕುಳಿತು, ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುವಂತೆ ಉಸಿರನ್ನು ನಿಧಾನವಾಗಿ ಹೊರಬಿಡಿ; ಗಾಬರಿಯ ಅಲೆ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಏರಿ ತಾನಾಗಿ ಇಳಿಯುತ್ತದೆ. ಅದು ಇಳಿಯುವ ಮೊದಲೇ ರಿಕ್ಷಾ ಹತ್ತಿಬಿಟ್ಟರೆ, ರಿಕ್ಷಾದಿಂದಲೇ ಇಳಿಯಿತು ಎಂದು ಮನಸ್ಸು ಕಲಿತುಬಿಡುತ್ತದೆ. ಕಳೆದ ವರ್ಷ ಆದದ್ದು ಇದೇ ಎಂದು ನನಗನ್ನಿಸುತ್ತದೆ.

ಎದೆನೋವು, ಎಡಗೈ ಅಥವಾ ದವಡೆಗೆ ಹಬ್ಬುವ ನೋವು, ತಲೆ ಸುತ್ತಿ ಬೀಳುವಂತಾಗುವುದು ಇದ್ದರೆ ಮಾತ್ರ ಕಾಯಬೇಡಿ, ಹತ್ತಿರದ ವೈದ್ಯಕೀಯ ಕೇಂದ್ರಕ್ಕೆ ಹೋಗಿ. ದಾರಿಯುದ್ದಕ್ಕೂ ಅವು ಇರುತ್ತವೆ.

ಉಳಿದದ್ದು ಕಾಲಿನ ಮಾತು. ಬೊಬ್ಬೆ ಬರುವುದು ತೇವ ಮತ್ತು ಉಜ್ಜಾಟದಿಂದ. ಮಳೆಯಲ್ಲಿ ನೆನೆದ ಸಾಕ್ಸನ್ನು ಬದಲಾಯಿಸಿ, ಬೆರಳುಗಳ ನಡುವೆ ವ್ಯಾಸಲೀನ್ ಹಚ್ಚಿ, ಎರಡು ತಿಂಗಳಾದರೂ ಹಾಕಿ ಪಳಗಿದ ಬೂಟನ್ನೇ ಧರಿಸಿ. ಬೊಬ್ಬೆಯ ಮೇಲಿನ ಚರ್ಮವನ್ನು ಕೀಳಬೇಡಿ. ಹೆಸರು, ರಕ್ತದ ಗುಂಪು, ಸೇವಿಸುವ ಮಾತ್ರೆಗಳು ಮತ್ತು ಮನೆಯ ಫೋನ್ ಸಂಖ್ಯೆಯನ್ನು ಬರೆದ ಚೀಟಿಯನ್ನು ಪ್ಲಾಸ್ಟಿಕ್‌ನಲ್ಲಿಟ್ಟು ರವಿಕೆಗೆ ಪಿನ್ ಮಾಡಿಕೊಳ್ಳಿ.

ಉತ್ತರ 3: ವಾಸ್ಕೊ, ಗೋವಾ

ಹಿರಿಯರ ಮಾತಿಗೆ ಒಂದನ್ನು ಸೇರಿಸಬೇಕೆನಿಸುತ್ತದೆ. ಪೂರ್ತಿ ನಡೆಯಲೇಬೇಕು ಎಂಬ ಹಟವೇ ಅಂಜಿಕೆಯನ್ನು ಹೆಚ್ಚಿಸುತ್ತದೆ. ಆಳಂದಿಯಿಂದ ಪಂಢರಪುರ ಸುಮಾರು 250 ಕಿಲೋಮೀಟರ್, ಸುಮಾರು ಮೂರು ವಾರಗಳ ದಾರಿ ಎಂದು ಒಮ್ಮೆಲೇ ಯೋಚಿಸಿದರೆ ಯಾರಿಗೂ ಎದೆ ನಡುಗುತ್ತದೆ. ನಾನು ವಾಸ್ಕೊದಿಂದ ಹೊರಡುವಾಗ ಜೇಜುರಿಯವರೆಗೆ ಮಾತ್ರ ಎಂದುಕೊಂಡಿದ್ದೆ. ಪುಣೆ–ಮಿರಜ್ ರೈಲು ಮಾರ್ಗದ ಮೇಲೆ ಜೇಜುರಿ, ವಾಲ್ಹೆ, ನೀರಾ, ಲೋಣಂದ ನಿಲ್ದಾಣಗಳಿವೆ, ಪಲ್ಲಕ್ಕಿಯ ದಾರಿಯೂ ಅದೇ ಊರುಗಳ ಮೂಲಕ ಸಾಗುತ್ತದೆ. ಅಂದರೆ ದಿವೇಘಾಟ್ ಹತ್ತಿ ಸಾಸವಡ ದಾಟಿದ ಮೇಲೆ ಹಲವು ದಿನ, ಮನೆಗೆ ಹೋಗುವ ರೈಲು ನಿಮ್ಮ ಪಕ್ಕದಲ್ಲೇ ಇರುತ್ತದೆ. ಜೇಜುರಿ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಹೋಗಲೋ ಇರಲೋ ಎಂದು ಒಂದು ಗಂಟೆ ಯೋಚಿಸಿದ್ದೇನೆ. ಮೂರು ದಿನ ಹೀಗೆ ಒಂದೊಂದು ನಿಲ್ದಾಣವನ್ನು ಬಿಟ್ಟು ಮುಂದಕ್ಕೆ ನಡೆದೆ. ಫಲ್ಟಣದಲ್ಲಿ ಕಾಲು ಊದಿಕೊಂಡು ಹಿಂದಿರುಗಿದೆ; ಮರುವರ್ಷ ಫಲ್ಟಣದಿಂದಲೇ ಸೇರಿಕೊಂಡು ಪಂಢರಪುರ ಮುಟ್ಟಿದೆ. ಅದನ್ನು ಯಾರೂ ಅರ್ಧ ವಾರಿ ಎನ್ನಲಿಲ್ಲ.

ನೀರಾ ನದಿಯಲ್ಲಿ ಮಾವುಲಿಯ ಪಾದುಕೆಗಳಿಗೆ ಸ್ನಾನವಾಗುವ ದಿನದವರೆಗೆ ಎಂದು ನಿಮಗೆ ನೀವೇ ಒಂದು ಮೇರೆ ಹಾಕಿಕೊಳ್ಳಿ. ಮುಂದಿನದನ್ನು ಅಲ್ಲಿ ಯೋಚಿಸಿ.

ಉತ್ತರ 4: ಚಿಕ್ಕೋಡಿಯವನು, ಈಗ ಪಿಂಪ್ರಿ

ಅಕ್ಕಾವರೆ, ಹೊರಗಿನವಳಾಗುತ್ತೇನೆ ಎಂಬ ಅಳುಕಿಗೆ ಮಾತ್ರ ಉತ್ತರಿಸುತ್ತೇನೆ. ಮಾವುಲಿಯ ಪಲ್ಲಕ್ಕಿಯ ಮುಂದೆ ಹೋಗುವ ಎರಡು ಕುದುರೆಗಳು ಬರುವುದು ನಮ್ಮ ಚಿಕ್ಕೋಡಿ ಸೀಮೆಯ ಅಂಕಲಿಯಿಂದ. ಅಲ್ಲಿನ ಶಿತೋಳೆ ಸರಕಾರರ ವಾಡೆಯಿಂದ ಹೊರಟು ಆಳಂದಿಯವರೆಗೆ ನಡೆದೇ ಬರುತ್ತವೆ. ಒಂದರ ಮೇಲೆ ಸವಾರನಿರುತ್ತಾನೆ. ಇನ್ನೊಂದರ ಮೇಲೆ ಸ್ವತಃ ಮಾವುಲಿ ಕುಳಿತಿದ್ದಾರೆ ಎಂಬ ನಂಬಿಕೆಯಿಂದ ಯಾರೂ ಹತ್ತುವುದಿಲ್ಲ. ಬಯಲಿನಲ್ಲಿ ಜನರ ನಡುವೆ ಕುದುರೆ ಓಡಿಸುವ ರಿಂಗಣದಲ್ಲಿ ಆ ಕುದುರೆ ಓಡಿದ ಜಾಗದ ಮಣ್ಣನ್ನು ಜನ ಮುಗಿಬಿದ್ದು ಹಣೆಗೆ ಹಚ್ಚಿಕೊಳ್ಳುತ್ತಾರೆ. ಕನ್ನಡ ನಾಡಿನಿಂದ ನಡೆದು ಬಂದ ಕುದುರೆಯ ಹಿಂದೆ ನಡೆಯಲು ಕನ್ನಡದ ಹೆಣ್ಣುಮಗಳು ಸಂಕೋಚಪಡಬೇಕೇ?

ಅಭಂಗ ಬಾರದಿದ್ದರೆ ತಾಳ ಹಾಕಿ, ಅಷ್ಟೇ ಸಾಕು. ನಮ್ಮ ದಾಸರ ಪದಗಳಲ್ಲಿ ವಿಠಲನ ಅಂಕಿತ ಎಷ್ಟು ಸಲ ಬರುತ್ತದೆ! ವಾಲ್ಹೆಯ ಡೇರೆಯಲ್ಲಿ ನಾನು ಒಂದು ದಾಸರ ಪದ ಹಾಡಿದಾಗ, ಅರ್ಥವಾಗದಿದ್ದರೂ ಸಾತಾರದ ಮುದುಕರೊಬ್ಬರು ವಿಠಲ ಎಂಬ ಮಾತು ಬಂದಾಗಲೆಲ್ಲ ತಲೆದೂಗಿದರು, ಮರುದಿನ ಬೆಳಿಗ್ಗೆ ಅದನ್ನೇ ಮತ್ತೆ ಹಾಡು ಎಂದು ಕೇಳಿದರು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ವೈದ್ಯರಿಗೆ ತೋರಿಸಿದೆ, ಹೃದಯದಲ್ಲಿ ತೊಂದರೆಯಿಲ್ಲ ಎಂದರು. ಕಳೆದ ಭಾನುವಾರ ಬೆಳಿಗ್ಗೆ ಐದೂವರೆಗೆ ಹಡಪಸರದಿಂದ ಒಬ್ಬಳೇ ಸಾಸವಡದ ಕಡೆಗೆ ನಡೆದೆ. ವಾರಿಯ ದಿನಗಳಂತೆ ರಸ್ತೆ ಜನರಿಂದ ತುಂಬಿರುವುದಿಲ್ಲ, ಲಾರಿಗಳ ಓಡಾಟ ಬಹಳ, ಆದ್ದರಿಂದ ಬೇರೆಯವರಿಗೆ ಇದನ್ನು ಮಾಡಿ ಎಂದು ಹೇಳಲಾರೆ. ದಿವೇಘಾಟಿನ ನಡುವೆ, ಕೆಳಗೆ ಮಸ್ತಾನಿ ಕೆರೆ ಕಾಣುವ ತಿರುವಿನಲ್ಲಿ, ಅದೇ ಗಾಬರಿ ಬಂತು. ತಡೆಗೋಡೆಯ ಪಕ್ಕ ಕುಳಿತು ಉಸಿರನ್ನು ನಿಧಾನವಾಗಿ ಬಿಡುತ್ತ ಗಡಿಯಾರ ನೋಡಿದೆ. ಒಂಬತ್ತು ನಿಮಿಷ ಇತ್ತು, ಆಮೇಲೆ ಇಳಿಯಿತು. ಚೀಲದಲ್ಲಿದ್ದ ಜೋಳದ ರೊಟ್ಟಿ ಶೇಂಗಾಚಟ್ನಿ ತಿಂದು, ಘಾಟ್ ಹತ್ತಿ, ಸಾಸವಡದಿಂದ ಬಸ್ಸಿನಲ್ಲಿ ಹಿಂದಿರುಗಿದೆ. ಅಂಜಿಕೆ ಹೋಗಿಲ್ಲ, ಆದರೆ ಅದು ಎಷ್ಟು ಹೊತ್ತು ಇರುತ್ತದೆ ಎಂಬುದು ಈಗ ಗೊತ್ತಿದೆ.

ಒಂದು ದಿಂಡಿಗೆ ಹೆಸರು ಕೊಟ್ಟಿದ್ದೇನೆ, ಮನೆಯಲ್ಲಿ ಸದ್ಯಕ್ಕೆ ಲೋಣಂದದವರೆಗೆ ಎಂದು ಹೇಳಿದ್ದೇನೆ. ಡೊಂಬಿವಲಿಯ ಅಣ್ಣನವರಲ್ಲಿ ಒಂದು ಕೊನೆಯ ವಿಚಾರಣೆ: ತಾಯಿಯ ತಾಳದ ಲಾಡಿ ಇಪ್ಪತ್ತು ದಿನ ಬಾರಿಸಿದರೆ ತಡೆಯುವಂತೆ ಕಾಣುವುದಿಲ್ಲ. ಆ ಗಂಟನ್ನು ಬಿಚ್ಚದೆ, ಅದರ ಜೊತೆಗೇ ಹೊಸ ದಾರವನ್ನು ಪೋಣಿಸಿ ಕಟ್ಟಲು ಬರುತ್ತದೆಯೇ?