ಸಹಾಯ ಬೇಕು: ಪೋಲೆಂಡಿನ ‘ಗ್ಮಿನಾ’ಕ್ಕೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಗ್ಮಿನಾ ಎಂದರೆ ಪೋಲೆಂಡಿನ ಅತಿ ಕೆಳಹಂತದ ಸ್ಥಳೀಯ ಆಡಳಿತ ಘಟಕ. ಪೋಲೆಂಡಿನ ಈಶಾನ್ಯದಲ್ಲಿ, ಬೆಲರೂಸ್ ಗಡಿಗೆ ಹತ್ತಿರವಿರುವ ಕ್ರುಶಿನ್ಯಾನಿ ಎಂಬ ಪುಟ್ಟ ಹಳ್ಳಿಯ ಬಗ್ಗೆ ಕನ್ನಡದಲ್ಲಿ ಪರಿಚಯ ಲೇಖನ ಬರೆಯುತ್ತಿದ್ದೇನೆ. ತನ್ನ ಸೈನ್ಯದಲ್ಲಿ ಹೋರಾಡಿದ ತಾತಾರ್ ಮುಸ್ಲಿಮರಿಗೆ ದೊರೆ ಮೂರನೆಯ ಯಾನ್ ಸೊಬಿಯೆಸ್ಕಿ 1679ರಲ್ಲಿ ಅಲ್ಲಿ ಜಮೀನು ಕೊಟ್ಟನು. ಅವರ ಹಸಿರು ಬಣ್ಣದ ಮರದ ಮಸೀದಿಯೂ ಹಳೆಯ ಸ್ಮಶಾನವೂ ಇಂದಿಗೂ ಉಳಿದಿವೆ. ಇತಿಹಾಸದ ಭಾಗವನ್ನು ಬಹಳ ಪ್ರೀತಿಯಿಂದ ಬರೆದು ಮುಗಿಸಿದ್ದೇನೆ.

ತೊಡಕಿರುವುದು ಭೂಗೋಳದ ಭಾಗದಲ್ಲಿ. ಹಳ್ಳಿಯು ಕ್ರಿಂಕಿ ಗ್ಮಿನಾ, ಸೊಕುವ್ಕಾ ಪೊವ್ಯಾತ್ ಮತ್ತು ಪೊದ್ಲಾಸ್ಯೆ ಪ್ರಾಂತ್ಯಕ್ಕೆ ಸೇರಿದೆ. ಪೊವ್ಯಾತನ್ನು ‘ಜಿಲ್ಲೆ’ ಎಂದು ಬರೆದೆ, ಅದು ಒಪ್ಪುತ್ತದೆ. ಗ್ಮಿನಾಕ್ಕೆ ಮೊದಲು ‘ಹೋಬಳಿ’ ಎಂದು ಬರೆದು ಹೊಡೆದುಹಾಕಿದೆ, ಏಕೆಂದರೆ ಗ್ಮಿನಾಕ್ಕೆ ಚುನಾಯಿತ ಸಭೆಯಿದೆ, ನಮ್ಮ ಹೋಬಳಿ ಬರಿಯ ಕಂದಾಯ ಘಟಕ. ‘ಗ್ರಾಮ ಪಂಚಾಯಿತಿ’ ಎನ್ನೋಣವೆಂದರೆ ಕ್ರಿಂಕಿ ಪಟ್ಟಣವೂ ಸುತ್ತಲಿನ ಹಳ್ಳಿಗಳೂ ಒಂದೇ ಗ್ಮಿನಾದೊಳಗಿವೆ. ಹಳ್ಳಿಗಳ ಗುಂಪಿಗೆ ಒಂದರಂತೆ ಹಿಂದೆ ಇದ್ದ ‘ಮಂಡಲ ಪಂಚಾಯಿತಿ’ ಕೊಂಚ ಹತ್ತಿರವೆನಿಸಿದರೂ ಇಂದಿನ ಎಳೆಯ ಓದುಗರಿಗೆ ಆ ಪದ ಪರಿಚಯವಿರಲಾರದು.

ಆದ್ದರಿಂದ ನನ್ನ ಪ್ರಶ್ನೆ ಇಷ್ಟು: ‘ಗ್ಮಿನಾ’ ಎಂದೇ ಉಳಿಸಿ ಮೊದಲ ಬಳಕೆಯಲ್ಲಿ ಒಂದು ಸಾಲಿನ ವಿವರಣೆ ಕೊಡಬೇಕೇ, ಅಥವಾ ಪಟ್ಟಣ ಮತ್ತು ಹಳ್ಳಿ ಎರಡನ್ನೂ ಒಳಗೊಳ್ಳುವ ಸರಿಯಾದ ಕನ್ನಡ ಪದವೊಂದು ನಿಮಗೆ ತಿಳಿದಿದೆಯೇ?