ಔಷಧೀಯ ಅಣಬೆ ಎಲ್ಲಿಯದೆಂದು ರಾಸಾಯನಿಕ ಪರೀಕ್ಷೆಯಿಂದ ತಿಳಿಯಬಹುದೇ? ಬೆಳೆಗಾರರ ಗುಂಪಿನ ಪ್ರಶ್ನೋತ್ತರ

ನಿರ್ವಾಹಕರು: ಗಿಡಮೂಲಿಕೆ ಮತ್ತು ಅಣಬೆಗಳ ರಾಸಾಯನಿಕ ವಿಶ್ಲೇಷಣೆ ಮಾಡುವ, ಕೊಡಗಿನವರೇ ಆದ ವಿಶ್ಲೇಷಕಿಯೊಬ್ಬರು ಇಂದು ನಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ವಿಷಯದ ಮೇಲೆಯೇ ಇರಬೇಕಾಗಿ ವಿನಂತಿ.

ಸೋಮವಾರಪೇಟೆಯ ಸದಸ್ಯರು: ನಮಸ್ಕಾರ ಮೇಡಂ. ಒಣಗಿದ ಅಣಬೆಯನ್ನು ಪರೀಕ್ಷಿಸಿ ಅದು ಯಾವ ಊರಿನಲ್ಲಿ ಬೆಳೆದದ್ದೆಂದು ನಿಜವಾಗಿಯೂ ಹೇಳಲು ಸಾಧ್ಯವೇ?

ವಿಶ್ಲೇಷಕಿ: ನಮಸ್ಕಾರ. ಊರಿನ ಹೆಸರನ್ನು ಯಾವ ಯಂತ್ರವೂ ಹೇಳುವುದಿಲ್ಲ. ಸಮುದ್ರದಿಂದ ದೂರ ಹೋದಂತೆ ಮತ್ತು ಎತ್ತರ ಏರಿದಂತೆ ಮಳೆನೀರಿನಲ್ಲಿ ಆಮ್ಲಜನಕ, ಜಲಜನಕಗಳ ಭಾರವಾದ ಐಸೊಟೋಪುಗಳ (ಒಂದೇ ಧಾತುವಿನ, ತೂಕದಲ್ಲಿ ಬೇರೆಯಾದ ಪರಮಾಣುಗಳ) ಪಾಲು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಸ್ಟ್ರಾಂಷಿಯಂ ಎಂಬ ಧಾತುವಿನ 87 ಮತ್ತು 86 ತೂಕದ ಐಸೊಟೋಪುಗಳ ಅನುಪಾತವು ನೆಲದಡಿಯ ಬಂಡೆಯ ವಯಸ್ಸನ್ನೂ ಬಗೆಯನ್ನೂ ಅನುಸರಿಸುತ್ತದೆ. ಅಣಬೆಯು ಇವೆರಡನ್ನೂ ತಾನು ಹೀರಿದ ನೀರಿನಿಂದ ಮತ್ತು ತಾನು ಬೆಳೆದ ಮರ ಅಥವಾ ಮಣ್ಣಿನಿಂದ ಪಡೆಯುತ್ತದೆ. ಈ ಅಂಕಿಗಳನ್ನು, ಇಂಥ ಜಾಗದಿಂದಲೇ ಕಿತ್ತದ್ದೆಂದು ಖಾತ್ರಿಯಿರುವ ಮಾದರಿಗಳ ಅಂಕಿಗಳ ಪಕ್ಕದಲ್ಲಿಟ್ಟಾಗ ಮಾತ್ರ ‘ಹೊಂದುತ್ತದೆ’ ಅಥವಾ ‘ಹೊಂದುವುದಿಲ್ಲ’ ಎನ್ನಬಹುದು. ಚೀನಾದಲ್ಲಿ ಪೈನ್ ಮರದ ಬೇರಿಗೆ ಅಂಟಿ ಬೆಳೆಯುವ ಪೋರಿಯಾ ಅಣಬೆಯ ವಿಷಯದಲ್ಲಿ ಅತಿಗೆಂಪು ರೋಹಿತದಿಂದಲೇ ಪ್ರದೇಶಗಳನ್ನು ಬೇರ್ಪಡಿಸುತ್ತಾರೆ. ಆದರೆ ಅದಕ್ಕೆ ಮೊದಲು ಪ್ರತಿಯೊಂದು ಪ್ರದೇಶದಿಂದಲೂ ಮಾದರಿಗಳನ್ನು ಸಂಗ್ರಹಿಸಿಟ್ಟುಕೊಂಡಿದ್ದಾರೆ.

ಗೋಣಿಕೊಪ್ಪದ ಸದಸ್ಯರು: ಯಾವ ಲ್ಯಾಬಿಗೆ ಕಳುಹಿಸಬೇಕು, ಎಷ್ಟು ಖರ್ಚಾಗುತ್ತದೆ?

ವಿಶ್ಲೇಷಕಿ: ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವಲ್ಲಿಗೆ ಕಳುಹಿಸಿ. ಆ ಮಾನ್ಯತೆ ನಿಮಗೆ ಬೇಕಾದ ಪರೀಕ್ಷೆಗೇ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ದರವನ್ನು ಅವರೇ ಹೇಳಬೇಕು.

ಮಡಿಕೇರಿಯ ಹೋಂಸ್ಟೇ ಮಾಲೀಕರು: ಮೇಡಂ, ಹೊರಗಿನ ಏಜೆಂಟರೊಬ್ಬರಿಂದ ‘ಪಿಥೋರಗಢದ ಅಸಲಿ ಕೀಡಾ ಜಡಿ’ (ಉತ್ತರಾಖಂಡದ ಹಿಮಾಲಯದಲ್ಲಿ ಸಿಗುವ ಔಷಧೀಯ ಅಣಬೆ) ಎಂದು ಒಂದಷ್ಟು ಖರೀದಿಸಿದ್ದೇನೆ. ಅವರು ಕೊಟ್ಟ ವರದಿಯಲ್ಲಿ ಒಂದು ಗ್ರಾಮಿಗೆ 3.2 ಮಿಲಿಗ್ರಾಂ ಕಾರ್ಡಿಸೆಪಿನ್ ಎಂಬ ರಾಸಾಯನಿಕ ಇದೆ ಎಂದಿದೆ, ಕೆಳಗೆ ಮೂಲ ಹಿಮಾಲಯ ಎಂದು ಮುದ್ರಿಸಿದ್ದಾರೆ. ಫೋಟೋ ಮತ್ತು ವರದಿ ಎರಡನ್ನೂ ಹಾಕಿದ್ದೇನೆ. ಅತಿಥಿಗಳಿಗೆ ಮಾರುವ ಯೋಚನೆಯಿದೆ. ನಮ್ಮ ಮಾವನವರು ಈಗಾಗಲೇ ದಿನವೂ ಬೆಳಿಗ್ಗೆ ಹಾಲಿನಲ್ಲಿ ಹಾಕಿಕೊಂಡು ಕುಡಿಯುತ್ತಿದ್ದಾರೆ. ಅವರಿಗೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಸ್ವಲ್ಪ ಹೆಚ್ಚಿದೆ.

ವಿಶ್ಲೇಷಕಿ: ನಿಮ್ಮ ವರದಿಯ ಅಂಕಿ ಸುಳ್ಳೆಂದು ನಾನು ಹೇಳುವುದಿಲ್ಲ. ಆ ಅಂಕಿ ನಿಜವಾಗಿದ್ದರೆ ಅದರ ಕೆಳಗೆ ಮುದ್ರಿಸಿರುವ ಮಾತು ಸುಳ್ಳು. ಹಿಮಾಲಯದ ಕೀಡಾ ಜಡಿ, ಅಂದರೆ ಒಫಿಯೊಕಾರ್ಡಿಸೆಪ್ಸ್ ಸೈನೆನ್ಸಿಸ್, ಸುಮಾರು 3,000ದಿಂದ 5,000 ಮೀಟರ್ ಎತ್ತರದ ಹುಲ್ಲುಗಾವಲಿನಲ್ಲಿ ಮಣ್ಣಿನೊಳಗಿರುವ ಪತಂಗದ ಮರಿಹುಳುವನ್ನು ಕೊಂದು, ಅದರ ತಲೆಯಿಂದ ಕಂದು ಬಣ್ಣದ ಕಡ್ಡಿಯಾಗಿ ಮೇಲೇಳುತ್ತದೆ. ಅದರಲ್ಲಿ ಕಾರ್ಡಿಸೆಪಿನ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಗ್ರಾಮಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಅದನ್ನು ಕೊಡುವುದು ಕಾರ್ಡಿಸೆಪ್ಸ್ ಮಿಲಿಟಾರಿಸ್ ಎಂಬ ಬೇರೆಯೇ ಅಣಬೆ; 2007ರ ಮರುವರ್ಗೀಕರಣದ ನಂತರ ಇವೆರಡೂ ಒಂದೇ ಕುಟುಂಬದವೂ ಅಲ್ಲ. ಅದನ್ನು ತಂಪು ಕೋಣೆಯಲ್ಲಿ ಜಾಡಿಯೊಳಗೆ ಕೆಂಪಕ್ಕಿಯ ಮೇಲೂ ಬೆಳೆಯುತ್ತಾರೆ.

ಫೋಟೋವನ್ನು ದೊಡ್ಡದು ಮಾಡಿ ನೋಡಿ. ಎಳೆಗಳು ಕಿತ್ತಳೆ ಬಣ್ಣದವು, ಬುಡದಲ್ಲಿ ಹುಳುವಿಲ್ಲ, ಎಡಗಡೆಯ ಎರಡು ಎಳೆಗಳ ತಳದಲ್ಲಿ ಅಕ್ಕಿಕಾಳು ಅಂಟಿಕೊಂಡೇ ಇದೆ. ನಿಜವಾದ ಕೀಡಾ ಜಡಿಯಲ್ಲಿ ಹುಳುವಿನ ಮೈಮೇಲೆ ಬಳೆಗಳಂಥ ಗೆರೆಗಳಿರುತ್ತವೆ, ಎಂಟು ಜೊತೆ ಕಾಲುಗಳಲ್ಲಿ ನಡುವಿನ ನಾಲ್ಕು ಜೊತೆ ಎದ್ದು ಕಾಣುತ್ತವೆ.

ಇದಕ್ಕೆ ಐಸೊಟೋಪ್ ಪರೀಕ್ಷೆ ಮಾಡಿಸಲು ಹಣ ಸುರಿಯಬೇಡಿ. ಭತ್ತವೂ ಹಿಮಾಲಯದ ಆ ಎತ್ತರದ ಸಸ್ಯಗಳೂ ಇಂಗಾಲವನ್ನು ಒಂದೇ ಮಾರ್ಗದಲ್ಲಿ ಹೀರುವುದರಿಂದ ಇಂಗಾಲದ ಅಂಕಿ ಇವೆರಡನ್ನು ಬೇರ್ಪಡಿಸುವುದಿಲ್ಲ; ರಾಗಿ ಅಥವಾ ಜೋಳದ ಮೇಲೆ ಬೆಳೆಸಿದ್ದರೆ ಎದ್ದು ಕಾಣುತ್ತಿತ್ತು. ಜಾಡಿಯಲ್ಲಿ ಬೆಳೆದ ಅಣಬೆಯ ಆಮ್ಲಜನಕವೂ ಆ ಕೋಣೆಯ ನಲ್ಲಿನೀರಿನ ಕಥೆಯನ್ನೇ ಹೇಳುತ್ತದೆ. ಮೊದಲು ಡಿಎನ್‌ಎ ಪರೀಕ್ಷೆಯಿಂದ ಯಾವ ಪ್ರಭೇದವೆಂದು ತಿಳಿಯಬೇಕು. ಮೂಲದ ಪ್ರಶ್ನೆ ಅದಾದ ಮೇಲೆ.

ಇನ್ನು ಮಾವನವರ ವಿಚಾರ, ನನಗೆ ಹೆಚ್ಚು ಚಿಂತೆ ಇರುವುದು ಇಲ್ಲಿ. ‘ಅಸಲಿ ಹಿಮಾಲಯದ್ದಾಗಿದ್ದರೆ ತೊಂದರೆಯಿಲ್ಲ’ ಎಂದು ಭಾವಿಸಬೇಡಿ. 2016ರಲ್ಲಿ ಚೀನಾದ ಔಷಧ ನಿಯಂತ್ರಣ ಇಲಾಖೆ ಕೀಡಾ ಜಡಿಯ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಕಿಲೋಗೆ 4.4ರಿಂದ 9.9 ಮಿಲಿಗ್ರಾಂ ಆರ್ಸೆನಿಕ್ ಸಿಕ್ಕಿತು. ಆರೋಗ್ಯ ಆಹಾರಗಳಿಗೆ ಅಲ್ಲಿದ್ದ ಮಿತಿ 1 ಮಿಲಿಗ್ರಾಂ. ತೂಕ ಹೆಚ್ಚಿಸಲು ಹುಳುವಿನೊಳಗೆ ಲೋಹದ ತಂತಿ ತೂರಿಸಿದ್ದೂ, ಕಲಬೆರಕೆಯ ಕೀಡಾ ಜಡಿಯಿಂದ ಸೀಸದ ವಿಷ ಏರಿದ್ದೂ ದಾಖಲಾಗಿವೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಇದು ಪ್ರಯೋಗ ಮಾಡುವ ವಸ್ತುವಲ್ಲ. ಇಂದೇ ನಿಲ್ಲಿಸಿ, ಪೊಟ್ಟಣವನ್ನು ತೆಗೆದುಕೊಂಡು ಅವರ ವೈದ್ಯರ ಬಳಿ ಹೋಗಿ. ಉಳಿದದ್ದರಲ್ಲಿ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ ಪರೀಕ್ಷೆ ಮಾಡಿಸಿ. ಅತಿಥಿಗಳಿಗೆ ಮಾರುವ ಮಾತನ್ನು ಅಲ್ಲಿಯವರೆಗೆ ಬಿಡಿ.

ವಿರಾಜಪೇಟೆಯ ಸದಸ್ಯರು: ಈಗಷ್ಟೇ ಒಂದು ಫಾರ್ವರ್ಡ್ ಬಂತು: ‘ಕೀಡಾ ಜಡಿಯನ್ನು ಉರಿಸಿದಾಗ ನೀಲಿ ಹೊಗೆ ಬಂದರೆ ಅದು ಹಿಮಾಲಯದ್ದು, ಅಣಬೆ ಬೇಯಿಸುವಾಗ ಬೆಳ್ಳಿ ಚಮಚ ಕಪ್ಪಾಗದಿದ್ದರೆ ವಿಷವಿಲ್ಲ.’ ಎಲ್ಲರಿಗೂ ಉಪಯೋಗವಾಗಲಿ.

ವಿಶ್ಲೇಷಕಿ: ಯಾರಿಗೂ ಉಪಯೋಗವಾಗುವುದಿಲ್ಲ. ಹೊಗೆಯ ಬಣ್ಣಕ್ಕೂ ಮೂಲಕ್ಕೂ ಸಂಬಂಧವಿಲ್ಲ. ಎರಡನೆಯ ಮಾತಂತೂ ಜೀವ ತೆಗೆಯುವಂಥದ್ದು: ಅಮಾನಿಟಾ ಜಾತಿಯ ಕೊಲ್ಲುವ ಅಣಬೆಗಳ ವಿಷ ಬೆಳ್ಳಿಯನ್ನು ಕಪ್ಪಾಗಿಸುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ, ತಿಂದು ಆರು ಗಂಟೆ ಕಳೆಯುವವರೆಗೆ ಹೆಚ್ಚಾಗಿ ತೋರಿಸಿಕೊಳ್ಳುವುದೂ ಇಲ್ಲ. ಇದನ್ನು ದಯವಿಟ್ಟು ಅಳಿಸಿ.

ವಿರಾಜಪೇಟೆಯ ಸದಸ್ಯರು: ನಾನು ಬರೆದದ್ದಲ್ಲ ಮೇಡಂ, ಬಂದದ್ದನ್ನು ಹಾಕಿದೆ ಅಷ್ಟೆ.

ಪೊನ್ನಂಪೇಟೆಯ ಬೆಳೆಗಾರರು: ನಾನು ಕೇರಳದಿಂದ ರಬ್ಬರ್ ಮರದ ಹೊಟ್ಟು ತರಿಸಿ ಚೀಲಗಳಲ್ಲಿ ರೀಶಿ ಎಂಬ ಔಷಧೀಯ ಅಣಬೆ ಬೆಳೆಯುತ್ತಿದ್ದೇನೆ. ‘ಕೊಡಗಿನ ರೀಶಿ’ ಎಂದು ಲೇಬಲ್ ಹಾಕಿದರೆ ಪರೀಕ್ಷೆಯಲ್ಲಿ ನಿಲ್ಲುತ್ತದೆಯೇ?

ವಿಶ್ಲೇಷಕಿ: ಒಳ್ಳೆಯ ಪ್ರಶ್ನೆ. ನೀರು ನಿಮ್ಮ ತೋಟದ್ದು, ಆದರೆ ಸ್ಟ್ರಾಂಷಿಯಂ ಮತ್ತು ಉಳಿದ ಖನಿಜಗಳಲ್ಲಿ ಬಹುಪಾಲು ಹೊಟ್ಟಿನೊಂದಿಗೆ ಬಂದದ್ದು. ಒಂದೇ ಅಣಬೆ ಒಂದು ಪರೀಕ್ಷೆಯಲ್ಲಿ ಕೊಡಗನ್ನೂ ಇನ್ನೊಂದರಲ್ಲಿ ಕೇರಳವನ್ನೂ ತೋರಿಸಬಹುದು. ರೀಶಿಯಲ್ಲಿರುವ ಗ್ಯಾನೊಡೆರಿಕ್ ಆಮ್ಲಗಳ ಪ್ರಮಾಣವನ್ನು ನೋಡಿ ಊರು ಹೇಳುತ್ತೇವೆನ್ನುವವರನ್ನಂತೂ ನಂಬಬೇಡಿ. ತಳಿ, ಮರ, ಕೊಯ್ದ ಹಂತ ಇವೆಲ್ಲವುಗಳಿಂದ ಅದು ಬದಲಾಗುತ್ತದೆ. ‘ಪೊನ್ನಂಪೇಟೆಯಲ್ಲಿ ಬೆಳೆಸಿದ್ದು, ಹೊಟ್ಟು ಕೇರಳದ್ದು’ ಎಂದೇ ಬರೆಯಿರಿ.

ಸಿದ್ದಾಪುರದ ಸದಸ್ಯರು: ಹಾಗಾದರೆ ಅದು ಕೊಡಗಿನದು ಹೇಗಾಗುತ್ತದೆ? ವಿಯೆಟ್ನಾಂ ಮೆಣಸನ್ನು ನಮ್ಮದರೊಂದಿಗೆ ಬೆರೆಸಿದಾಗ ಇದೇ ಜನ ಬೀದಿಗಿಳಿದಿದ್ದರು.

ಪೊನ್ನಂಪೇಟೆಯ ಬೆಳೆಗಾರರು: ಅಣ್ಣ, ಬೆರೆಸುವುದಕ್ಕೂ ಬೆಳೆಸುವುದಕ್ಕೂ ವ್ಯತ್ಯಾಸವಿದೆ. ನಿಮ್ಮ ಕಾಫಿಗೆ ಹಾಕುವ ಗೊಬ್ಬರ ಯಾವ ದೇಶದ್ದು?

ಸಿದ್ದಾಪುರದ ಸದಸ್ಯರು: ಗೊಬ್ಬರ ಬೇರೆ, ಅಣಬೆಗೆ ಹೊಟ್ಟೇ ನೆಲ. ಕೊಡಗಿನ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಹೊರಗಿನ ಮಣ್ಣು ತಂದು ಸುರಿದದ್ದಕ್ಕಲ್ಲ.

ಪೊನ್ನಂಪೇಟೆಯ ಬೆಳೆಗಾರರು: ಮಳೆಗಾಲದಲ್ಲಿ ಹೊರಜಿಲ್ಲೆಯ ಅಣಬೆ ತಂದು ‘ನಮ್ಮ ಕಾಡಿನ ಕುಮ್ಮು’ ಎಂದು ಮಾರುವವರನ್ನು ಮೊದಲು ಕೇಳಿ.

ಸಿದ್ದಾಪುರದ ಸದಸ್ಯರು: ಯಾರನ್ನು ಕುರಿತು ಹೇಳುತ್ತಿದ್ದೀರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಮರ್ಯಾದೆಯಿರಲಿ.

ಕುಶಾಲನಗರದ ಸದಸ್ಯರು: ಇದರ ನಡುವೆ ನನ್ನದೊಂದು ಪ್ರಶ್ನೆ. ಹುತ್ತದ ಮೇಲೆ ಏಳುವ ನಮ್ಮ ಕುಮ್ಮಿಗೂ ಭೌಗೋಳಿಕ ಗುರುತು ಪಡೆಯಬಹುದೇ?

ನಾಪೋಕ್ಲಿನ ಸದಸ್ಯರು: ಮೇಡಂ, ನಮ್ಮ ಅಡಿಕೆ ತೋಟದಲ್ಲಿ ಅಣಬೆ ರೋಗ ಬಂದ ಮರದ ಬುಡದಲ್ಲಿ ಕೆಂಪು ಮೆರುಗಿನ ಗಟ್ಟಿ ಅಣಬೆ ಇದೆ. ಅದೇ ರೀಶಿ ಎಂದು ಯಾರೋ ಹೇಳಿದರು. ತಂದೆಯವರಿಗೆ ಕಷಾಯ ಮಾಡಿಕೊಡಬಹುದೇ? ಅವರು ಹೃದಯಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ.

ವಿಶ್ಲೇಷಕಿ: ಕೊಡಬೇಡಿ. ಅಣಬೆ ರೋಗಕ್ಕೆ ಕಾರಣ ರೀಶಿ ಸೇರಿರುವ ಗ್ಯಾನೊಡರ್ಮಾ ಕುಲವೇ, ಆದರೆ ಆ ಕುಲದಲ್ಲಿ ಹಲವಾರು ಪ್ರಭೇದಗಳಿವೆ. ರೀಶಿಯೇ ಆಗಿದ್ದರೂ ಆ ಮಾತ್ರೆಯೊಂದಿಗೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಜೊತೆಗೆ, ಆ ಮರಕ್ಕೆ ಹಿಂದೆ ಏನೇನು ಔಷಧಿ ಹೊಡೆದಿದ್ದೀರೆಂಬುದೂ ಇದೆ.

ಗೋಣಿಕೊಪ್ಪದ ಇನ್ನೊಬ್ಬ ಸದಸ್ಯರು: ಯಾವ ಲ್ಯಾಬಿಗೆ ಕಳುಹಿಸಬೇಕು ಮೇಡಂ?

ವಿಶ್ಲೇಷಕಿ: ಮೇಲೆ ಇದೆ.

ಶನಿವಾರಸಂತೆಯ ಸದಸ್ಯರು: ಪುಡಿಯನ್ನು ಮನೆಯಲ್ಲೇ ಪರೀಕ್ಷಿಸುವ ಉಪಾಯ ಇದೆಯೇ? ಆನ್‌ಲೈನ್‌ನಲ್ಲಿ ‘ಜಪಾನ್ ಮೂಲ’ದ ರೀಶಿ ಪುಡಿ ತರಿಸಿದ್ದೇನೆ.

ವಿಶ್ಲೇಷಕಿ: ಅಯೋಡಿನ್ ಹನಿ ಹಾಕಿದಾಗ ಕಡುನೀಲಿಯಾದರೆ ಧಾನ್ಯದ ಪಿಷ್ಟ ಸೇರಿದೆ ಎಂದರ್ಥ, ಏಕೆಂದರೆ ಅಣಬೆಯಲ್ಲಿ ಪಿಷ್ಟ ಇರುವುದಿಲ್ಲ. ಜಪಾನೋ ಜಾಲ್ಸೂರೋ ಎಂದು ಅದು ಹೇಳುವುದಿಲ್ಲ. ಅಮೆರಿಕದಲ್ಲಿ 19 ರೀಶಿ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೀಶಿ ಎಂದು ದೃಢಪಟ್ಟದ್ದು 5 ಮಾತ್ರ. ಅವರು ಇನ್ನೂ ದೇಶದ ಪ್ರಶ್ನೆಗೆ ಬಂದಿರಲೇ ಇಲ್ಲ.

ವಿರಾಜಪೇಟೆಯ ಸದಸ್ಯರು: ಇನ್ನೊಂದು ಬಂದಿದೆ: ‘ಅಣಬೆ ಕಷಾಯದಿಂದ ಮೂರೇ ವಾರದಲ್ಲಿ ಕ್ಯಾನ್ಸರ್ ಮಾಯ…’

ವಿಶ್ಲೇಷಕಿ: ನಿರ್ವಾಹಕರೇ, ಇದನ್ನು ನೀವು ತೆಗೆಯುತ್ತೀರೋ, ನಾನು ಹೊರಡಲೋ?

ನಿರ್ವಾಹಕರು: ತೆಗೆದಿದ್ದೇನೆ ಮೇಡಂ, ಕ್ಷಮಿಸಿ. ಪೊನ್ನಂಪೇಟೆ ಮತ್ತು ಸಿದ್ದಾಪುರದವರು ಜಗಳವನ್ನು ಖಾಸಗಿಯಾಗಿ ಮುಂದುವರಿಸಬಹುದು.

ಮಡಿಕೇರಿಯ ಹೋಂಸ್ಟೇ ಮಾಲೀಕರು: ಮೇಡಂ, ಏಜೆಂಟರಿಗೆ ಫೋನ್ ಮಾಡಿದೆ. ಅದು ‘ಹಿಮಾಲಯದ ತಳಿ’, ಬೆಳೆದದ್ದು ಬೇರೆಡೆ ಎನ್ನುತ್ತಿದ್ದಾರೆ. ಹಣ ವಾಪಸ್ ಕೇಳಬಹುದೇ?

ವಿಶ್ಲೇಷಕಿ: ವರದಿಯ ಮೂಲ ಪ್ರತಿ, ಬಿಲ್ ಮತ್ತು ತೆರೆಯದ ಒಂದು ಪೊಟ್ಟಣವನ್ನು ಹಾಗೆಯೇ ಇಟ್ಟುಕೊಂಡು ಲಿಖಿತವಾಗಿ ಕೇಳಿ. ಮಾವನವರನ್ನು ವೈದ್ಯರಿಗೆ ತೋರಿಸಿದಿರೇ?