ಕೆಂಗೇರಿ, ಯಲಹಂಕ ಕಡೆ ಚಿಕ್ಕ 2 ಬಿಎಚ್‌ಕೆ: ‘ಕರೆಂಟ್ ಉಳಿಸುವ ಮನೆ’ ಕೊಳ್ಳುವ ಮುನ್ನ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಕಟ್ಟಡಗಳ ಶಾಖದ ಲೆಕ್ಕ ಹಾಕುವ ಎಂಜಿನಿಯರ್ ಮೇಡಂ ಇವತ್ತು ಸಂಜೆ ಗುಂಪಿನಲ್ಲಿ ಇರ್ತಾರೆ. ಒಬ್ಬರು ಒಂದೇ ಪ್ರಶ್ನೆ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಕೆಂಗೇರಿ ಅಮ್ಮ: ನಮಸ್ತೆ ಮೇಡಂ. ಕೆಂಗೇರಿ ಉಪನಗರದ ಹತ್ರ 2 ಬಿಎಚ್‌ಕೆ ನೋಡಿದ್ದೇವೆ. 1,050 ಚದರಡಿ, ‘ಗ್ರೀನ್ ಹೋಮ್, ಪ್ರೀ-ಸರ್ಟಿಫೈಡ್ ಗೋಲ್ಡ್’ ಅಂತ ಬ್ರೋಷರ್‌ನಲ್ಲಿದೆ. ಇಬ್ಬರು ಮಕ್ಕಳು, ಅತ್ತೆ ಇದ್ದಾರೆ. ನಂಬಬಹುದಾ?

ಎಂಜಿನಿಯರ್: ನಮಸ್ತೆ. 1,050 ಅನ್ನೋದು ಸೂಪರ್ ಬಿಲ್ಟ್‌ಅಪ್ ಇರಬೇಕು. ಲಿಫ್ಟ್, ಮೆಟ್ಟಿಲು, ಲಾಬಿಯ ಪಾಲು ಕಳೆದರೆ ಕಾರ್ಪೆಟ್, ಅಂದರೆ ಮನೆಯೊಳಗಿನ ಜಾಗ, 700ರ ಆಸುಪಾಸು ಬರುತ್ತೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಪುಟದಲ್ಲಿ ನಿಮ್ಮ ಫ್ಲಾಟ್‌ನ ಕಾರ್ಪೆಟ್ ಅಂಕಿ ನೋಡಿ. ಅದರಲ್ಲಿ ಬಾಲ್ಕನಿ ಸೇರಿರಲ್ಲ, ಒಳಗೋಡೆಗಳು ಸೇರಿರುತ್ತವೆ.

ಪ್ರೀ-ಸರ್ಟಿಫೈಡ್ ಅಂದರೆ ನಕ್ಷೆ ನೋಡಿ ಕೊಟ್ಟದ್ದು. ಕಟ್ಟಿ ಮುಗಿದ ಮೇಲೆ ಬರುವ ಅಂತಿಮ ಸರ್ಟಿಫಿಕೇಟ್ ಬೇರೆ, ಅದನ್ನೇ ಕೇಳಿ. ಜೊತೆಗೆ ಆರ್‌ಇಟಿವಿ ಅಂಕಿ ಕೇಳಿ. ಗೋಡೆ, ಕಿಟಕಿಗಳ ಮೂಲಕ ಒಳಬರುವ ಶಾಖದ ಅಳತೆ ಅದು. ಮನೆಗಳ ವಿದ್ಯುತ್ ಉಳಿತಾಯಕ್ಕೆ ಕೇಂದ್ರ ಸರ್ಕಾರ ತಂದ ಇಕೋ ನಿವಾಸ್ ಸಂಹಿತಾ 2018ರ ಪ್ರಕಾರ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು.

ಒಂದನ್ನು ನೀವೇ ಅಳೆಯಬಹುದು. ಬೆಂಗಳೂರಿನ ಹವೆಗೆ, ಹೊರಗಾಳಿಗೆ ತೆರೆಯುವ ಜಾಗ ಕಾರ್ಪೆಟ್‌ನ 12.5% ಇರಬೇಕು. 700ಕ್ಕೆ ಸುಮಾರು 88 ಚದರಡಿ. ಬಾಲ್ಕನಿ ಬಾಗಿಲೂ ಲೆಕ್ಕಕ್ಕೆ ಬರುತ್ತೆ. ಆದರೆ ಸ್ಲೈಡಿಂಗ್ ಕಿಟಕಿ ಅರ್ಧವೇ ತೆರೆಯೋದು, ಅರ್ಧವೇ ಹಿಡಿಯಿರಿ. ಟೇಪ್ ತಗೊಂಡು ಹೋಗಿ.

ಇಎಂಐ ಅಣ್ಣ: ಈಸ್ಟ್ ಫೇಸಿಂಗ್ ತಗೊಂಡ್ರೆ ಮನೆ ತಂಪು ತಾನೇ ಮೇಡಂ?

ಎಂಜಿನಿಯರ್: ಈಸ್ಟ್ ಫೇಸಿಂಗ್ ಅಂದರೆ ಮುಂಬಾಗಿಲು ಪೂರ್ವಕ್ಕೆ ಅಂತ ಅಷ್ಟೇ. ಅದು ತೆರೆಯೋದು ಕಾರಿಡಾರ್‌ಗೆ, ಅಲ್ಲಿ ಬಿಸಿಲಿಲ್ಲ. ಬೆಡ್‌ರೂಮ್ ಕಿಟಕಿ ಯಾವ ಕಡೆಗಿದೆ ಅನ್ನೋದು ಮುಖ್ಯ. ಉತ್ತರ, ದಕ್ಷಿಣ ಒಳ್ಳೇದು. ಪಶ್ಚಿಮ ಕಷ್ಟ.

ಯಲಹಂಕ ಅಪ್ಪ: ಮೇಡಂ, ಯಲಹಂಕ ನ್ಯೂ ಟೌನ್ ಕಡೆ ಫ್ಲಾಟ್. ಕೊನೇ ಮಹಡಿ, ಎರಡೂ ಬೆಡ್‌ರೂಮ್ ಪಶ್ಚಿಮಕ್ಕೆ, ಮೈವಾನ್ ಕಟ್ಟಡ. ಕೆಳಗಿನ ಮಹಡಿಗಿಂತ 4 ಲಕ್ಷ ಕಮ್ಮಿ. ನಾಳೆಯೊಳಗೆ 20% ಕಟ್ಟಿದ್ರೆ ಮಾತ್ರ ಈ ರೇಟ್ ಅಂತಾರೆ. ಮಗುವಿಗೆ 8 ತಿಂಗಳು. ತಗೋಬಹುದಾ?

ಎಂಜಿನಿಯರ್: ನಾಳೆ ದುಡ್ಡು ಕಟ್ಟಬೇಡಿ. ಮಾರಾಟದ ಕರಾರು ನೋಂದಣಿ ಆಗುವ ಮೊದಲು 10%ಗಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ, ರೇರಾ ಕಾಯ್ದೆಯ 13ನೇ ಕಲಂ. 20% ಕೇಳಿದ್ದೇ ಎಚ್ಚರಿಕೆ.

ಇನ್ನು ಶಾಖ. ಮೈವಾನ್‌ನಲ್ಲಿ ಅಲ್ಯೂಮಿನಿಯಂ ಅಚ್ಚು ಕಟ್ಟಿ ಎರಕ ಹೊಯ್ಯೋದು, ಗೋಡೆಯೂ ಕಾಂಕ್ರೀಟೇ, 150–160 ಮಿ.ಮೀ. ಅದರ ಯು ಮೌಲ್ಯ (ಶಾಖ ಎಷ್ಟು ಸುಲಭವಾಗಿ ದಾಟುತ್ತೆ ಅನ್ನೋ ಅಳತೆ, ಕಮ್ಮಿ ಇದ್ದಷ್ಟೂ ಒಳ್ಳೇದು) ಸುಮಾರು 3.5. ಅದೇ 200 ಮಿ.ಮೀ. ಎಎಸಿ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಬ್ಲಾಕ್ ಗೋಡೆಗೆ 0.8ರಷ್ಟು. ಅಂದರೆ ನಾಲ್ಕು ಪಟ್ಟು ಶಾಖ ಒಳಗೆ. ಮಧ್ಯಾಹ್ನ 3ರ ಬಿಸಿಲು ಕಾಂಕ್ರೀಟ್ ದಾಟಿ ಒಳಮೈಗೆ ಬರೋದು ರಾತ್ರಿ 7–8ಕ್ಕೆ, ಸರಿಯಾಗಿ ಮಗು ಮಲಗಿಸೋ ಹೊತ್ತಿಗೆ. ಮೇಲಿನ ಸ್ಲ್ಯಾಬ್‌ದೂ ಅದೇ ಕಥೆ. ಏಪ್ರಿಲ್ ಕೊನೇ ವಾರ ನಡುಹಗಲಲ್ಲಿ ಸೂರ್ಯ ಬೆಂಗಳೂರಿನ ನೆತ್ತಿ ಮೇಲೇ ಇರ್ತಾನೆ. ಸಂಹಿತಾ ಪ್ರಕಾರ ಛಾವಣಿಯ ಯು ಮೌಲ್ಯ 1.2 ದಾಟಬಾರದು. ಬರಿ ಸ್ಲ್ಯಾಬ್ ಮೂರು ದಾಟುತ್ತೆ.

ಛಾವಣಿಗೆ ಪರಿಹಾರ ಇದೆ. ವಾಟರ್‌ಪ್ರೂಫಿಂಗ್ ಮೇಲೆ 50 ಮಿ.ಮೀ. ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಫೋಮ್) ಹಲಗೆ, ಅದರ ಮೇಲೆ ಇಳಿಜಾರು ಕೊಟ್ಟ ಸ್ಕ್ರೀಡ್ (ಸಿಮೆಂಟ್ ಗಾರೆಯ ಪದರ), ಮೇಲೆ ಬಿಳಿ ಟೈಲ್ಸ್. ಯು ಮೌಲ್ಯ 0.5ರ ಹತ್ರ ಇಳಿಯುತ್ತೆ. ಪಶ್ಚಿಮದ ಗೋಡೆ ಕಷ್ಟ. ಒಳಗಿಂದ ಇನ್ಸುಲೇಷನ್ ಹಲಗೆ, ಜಿಪ್ಸಮ್ ಹಾಕಿದರೆ ಎರಡು ಮೂರು ಇಂಚು ಹೋಗುತ್ತೆ, ಚಿಕ್ಕ ರೂಮಿಗೆ ಅದು ದುಬಾರಿ. ಸಂಜೆ ಬಿಸಿಲು ಓರೆ, ಸಜ್ಜಾ ತಡೆಯಲ್ಲ. ಕಿಟಕಿಯ ಹೊರಗೆ ಬ್ಲೈಂಡ್ ಬೇಕು, ಪರದೆ ಹಾಕೋ ಹೊತ್ತಿಗೆ ಶಾಖ ಗಾಜು ದಾಟಿ ಒಳಗೆ ಬಂದಿರುತ್ತೆ. ಹೊರಮೈಗೆ ಏನೇ ಸಿಕ್ಕಿಸಲು ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘದ ಒಪ್ಪಿಗೆ ಬೇಕು. ಮೈವಾನ್ ಗೋಡೆ ಭಾರ ಹೊರುವ ಗೋಡೆ, ಆಮೇಲೆ ಕಿಟಕಿ ದೊಡ್ಡದು ಮಾಡೋಕೂ ಆಗಲ್ಲ.

ಕೆಳಗಿನ ಮಹಡಿಯಲ್ಲಿ ಉತ್ತರಕ್ಕೆ ಕಿಟಕಿ ಇರೋದು ಸಿಕ್ಕರೆ ಆ 4 ಲಕ್ಷ ಕೊಡಿ.

ಟೆರೇಸ್ ತೋಟ: ಸುಲಭ ಉಪಾಯ ಇದೆ: ಕಿಟಕಿಗೆ ಒಳಗಿಂದ ಅಲ್ಯೂಮಿನಿಯಂ ಫಾಯಿಲ್, ಸೀಲಿಂಗ್‌ಗೆ ಥರ್ಮಾಕೋಲ್, ಪ್ಲಗ್‌ಗೆ ಪವರ್ ಸೇವರ್ ಡಬ್ಬಿ. ಬಿಲ್ ಅರ್ಧ! ಎಲ್ಲರಿಗೂ ಕಳಿಸಿ.

ಎಂಜಿನಿಯರ್: ಕಳಿಸಬೇಡಿ. ಫಾಯಿಲ್ ಅಂಟಿಸಿದರೆ ಗಾಜು ಅಸಮವಾಗಿ ಕಾದು ಸೀಳಬಹುದು. ಥರ್ಮಾಕೋಲ್‌ಗೆ ಬೆಂಕಿ ಹತ್ತಿದರೆ ಕರಗಿ ಉರಿಯುತ್ತಾ ತಲೆ ಮೇಲೆ ತೊಟ್ಟಿಕ್ಕುತ್ತೆ, ಕಪ್ಪು ಹೊಗೆ ಬೇರೆ. ಮಗು ಮಲಗುವ ರೂಮಿನ ಮಾತು ಇದು. ಆ ಡಬ್ಬಿಯೊಳಗೆ ಇರೋದು ಕೆಪಾಸಿಟರ್. ಮನೆ ಮೀಟರ್ ಲೆಕ್ಕ ಹಾಕೋದು ಯೂನಿಟ್, ಅದನ್ನು ಡಬ್ಬಿ ಇಳಿಸಲ್ಲ.

ಟೆರೇಸ್ ತೋಟ: ನಮ್ಮಲ್ಲಿ ಎಷ್ಟೋ ಜನ ಹಾಕಿದ್ದಾರೆ ಮೇಡಂ.

ಎಂಜಿನಿಯರ್: ಎಷ್ಟೋ ಜನ ಹಾಕಿದ್ದಾರೆ ಅಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತೆ ಅಂತಲ್ಲ.

ಉಚಿತ ಯೂನಿಟ್: ಇಷ್ಟೆಲ್ಲಾ ತಲೆಬಿಸಿ ಯಾಕೆ? ಗೃಹಜ್ಯೋತಿಯಲ್ಲಿ 200 ಯೂನಿಟ್ ಫ್ರೀ.

ಕೆಂಗೇರಿ ಅಮ್ಮ: ಎಲ್ಲರಿಗೂ ಪೂರ್ತಿ 200 ಸಿಗಲ್ಲ, ಹಿಂದಿನ ಸರಾಸರಿ ಮೇಲೆ ಲೆಕ್ಕ. 200 ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು.

ಉಚಿತ ಯೂನಿಟ್: ದಾಟಿಸೋದು ನೀವು ಎಸಿ ಹಾಕಿದ್ರೆ.

ಯಲಹಂಕ ಅಪ್ಪ: ಅದಕ್ಕೇ ಅಲ್ವಾ ಗೋಡೆ ವಿಚಾರ ಮಾತಾಡ್ತಿರೋದು! ಕಾದ ಮನೇಲಿ ಎಸಿ ಇಲ್ಲದೆ ಮಗು ಹೇಗೆ ಮಲಗುತ್ತೆ?

ಉಚಿತ ಯೂನಿಟ್: ನಮ್ಮ ಅಜ್ಜ ಅಜ್ಜಿ ಎಸಿ ಹಾಕ್ಕೊಂಡಿದ್ರಾ?

ಇಎಂಐ ಅಣ್ಣ: ಹೆಂಚಿನ ಮನೆ, ಮಣ್ಣಿನ ಗೋಡೆ ಇತ್ತು ಸ್ವಾಮಿ. ಕೊನೇ ಮಹಡಿ ಕಾಂಕ್ರೀಟ್ ಅಲ್ಲ. ಸುಮ್ನಿರಿ.

ಅಡ್ಮಿನ್: ಯೋಜನೆ ಚರ್ಚೆ ಇಲ್ಲಿ ಬೇಡ.

ಹೊಸ ಸಂಸಾರ: ಇ-ಖಾತಾ ಇಲ್ಲದ ಫ್ಲಾಟ್‌ಗೆ ಸಾಲ ಸಿಗುತ್ತಾ? ಬೇಸ್‌ಮೆಂಟಲ್ಲಿ ಸ್ಕೂಟರ್ ಚಾರ್ಜಿಂಗ್ ಪಾಯಿಂಟ್ ಹಾಕಿಸಬಹುದಾ?

ನಾಗರಬಾವಿ ತಂಗಿ: ನಮ್ಮ ಫ್ಲಾಟ್‌ಗೆ ಮಾತ್ರ ಸೋಲಾರ್ ಹಾಕಿಸಿದ್ರೆ 78,000 ಸಬ್ಸಿಡಿ ಬರುತ್ತಾ ಮೇಡಂ?

ಎಂಜಿನಿಯರ್: ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯ 78,000 ಸ್ವಂತ ಛಾವಣಿ ಇರೋ ಮನೆಗೆ, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟು. ಅಪಾರ್ಟ್‌ಮೆಂಟ್ ಟೆರೇಸ್ ಎಲ್ಲರದ್ದು. ಪಿಎಂ ಸೂರ್ಯಘರ್‌ನಲ್ಲಿ ಸಂಘಕ್ಕೆ ಕಿಲೋವ್ಯಾಟ್‌ಗೆ 18,000, ಲಿಫ್ಟ್, ಪಂಪ್‌ನಂಥ ಸಾಮಾನ್ಯ ಬಳಕೆಗೆ. ಸೋಲಾರ್ ಬಿಸಿನೀರು ಎಷ್ಟನೇ ಮಹಡಿವರೆಗೆ ಅಂತಲೂ ಕೇಳಿ, ಮೇಲಿನ ಒಂದೆರಡು ಮಹಡಿಗೆ ಮಾತ್ರ ಕೊಟ್ಟು ಬ್ರೋಷರ್‌ನಲ್ಲಿ ‘ಸೋಲಾರ್’ ಅಂತ ಬರೀತಾರೆ.

ಇಎಂಐ ಅಣ್ಣ: ಮೇಡಂ, ಈಸ್ಟ್ ಫೇಸಿಂಗ್ ಬಗ್ಗೆ ಖಚಿತವಾಗಿ ಹೇಳಲಿಲ್ಲ.

ಎಂಜಿನಿಯರ್: ಹೇಳಿದ್ದೇನೆ. ಕಿಟಕಿ ನೋಡಿ.

ಕೆಂಗೇರಿ ಅಮ್ಮ: ಎಎಸಿ ಬ್ಲಾಕ್ ಗೋಡೆ ಬಿರುಕು ಬಿಡುತ್ತೆ ಅಂತಾರಲ್ಲ?

ಎಂಜಿನಿಯರ್: ಬೀಮ್ ಸೇರುವಲ್ಲಿ ಮೆಶ್ ಹಾಕದೆ ಪ್ಲಾಸ್ಟರ್ ಮಾಡಿದರೆ, ಒದ್ದೆ ಬ್ಲಾಕ್ ಕಟ್ಟಿದರೆ ಬಿಡುತ್ತೆ. ಭಾರದ ಶೆಲ್ಫ್‌ಗೆ ಮೊಳೆ ಬೇಡ, ಎಎಸಿಗೆ ಅಂತಲೇ ಬರುವ ಆಂಕರ್ ಹಾಕಿ.

ಟೆರೇಸ್ ತೋಟ: ಸುಣ್ಣಕ್ಕೆ ಫೆವಿಕಾಲ್ ಬೆರೆಸಿ ಟೆರೇಸಿಗೆ ಬಳೀರಿ, 10 ಡಿಗ್ರಿ ಕಮ್ಮಿ! (ಫಾರ್ವರ್ಡ್)

ಎಂಜಿನಿಯರ್: ಬಿಳಿ ಮೈ ಬಿಸಿಲು ಹಿಂದಕ್ಕೆ ಕಳಿಸುತ್ತೆ, ಅಷ್ಟು ನಿಜ. ಆದರೆ ಧೂಳು ಕೂತರೆ, ಮಳೆ ಬಿದ್ದರೆ ಗುಣ ಇಳಿಯುತ್ತೆ, ಮತ್ತೆ ಬಳೀಬೇಕು. ಆ 10 ಡಿಗ್ರಿ ಎಲ್ಲಿ ಅಳೆದದ್ದು, ಟೆರೇಸ್ ಮೇಲೋ ರೂಮಿನೊಳಗೋ? ಅದು ಗೊತ್ತಿಲ್ಲದೆ ಜನರಿಗೆ ಹಂಚಬೇಡಿ. ಎರಡನೇ ಸಲ ಹೇಳ್ತಿದ್ದೇನೆ.

ಅಡ್ಮಿನ್: ಟೆರೇಸ್ ತೋಟ ಅವರ ಕಾಮೆಂಟ್ ತಡೆದಿದ್ದೇನೆ.

ಯಲಹಂಕ ಅಪ್ಪ: ಮೇಡಂ, ಬಿಲ್ಡರ್ ಕಡೆಯವರು ಈಗಷ್ಟೇ ವಾಟ್ಸಾಪ್ ಮಾಡಿದ್ರು. ಟೆರೇಸ್‌ಗೆ ಇನ್ಸುಲೇಷನ್ ‘ಹ್ಯಾಂಡೋವರ್ ಹೊತ್ತಿಗೆ ನೋಡೋಣ’ ಅಂತೆ.

ಎಂಜಿನಿಯರ್: ಕರಾರಿನ ಅನುಬಂಧದಲ್ಲಿ ಬರೆಸಿ: ಎಕ್ಸ್‌ಪಿಎಸ್, 50 ಮಿ.ಮೀ., ವಾಟರ್‌ಪ್ರೂಫಿಂಗ್ ಮೇಲೆ, ಸ್ಕ್ರೀಡ್, ಬಿಳಿ ಟೈಲ್ಸ್, ಸ್ವಾಧೀನಕ್ಕೆ ಮೊದಲು. ಬರೆಯೋಕೆ ಒಪ್ಪದಿದ್ದರೆ ಬಿಡಿ. ಒಪ್ಪಿದರೂ ಸಹಿ ಮಾಡುವ ಮುಂಚೆ, ಒಂದು ಬಿಸಿಲಿನ ದಿನ ರಾತ್ರಿ 7ರ ಮೇಲೆ ಹೋಗಿ ಪಶ್ಚಿಮದ ಗೋಡೆಗೆ ಒಳಗಿಂದ ಅಂಗೈ ಇಟ್ಟು ನೋಡಿ.